ವಿಮಾನ ನಿಂತರೂ ಸರ್ಜರಿ ತರಬೇತಿ ನಿಲ್ಲದಂತೆ ನೋಡಿಕೊಳ್ಳೋದು ಹೇಗೆ?

ಕೋವಿಡ್‌ನಂಥದ್ದು ಮತ್ತೆ ಬಂದರೆ ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸುವ ಸರ್ಜರಿ ತರಬೇತಿ ಉಳಿಯುತ್ತಾ ಅಂತ ಕೇಳಿದ್ದೀರಿ. ಹೊರದೇಶದ ರೆಸಿಡೆಂಟ್‌ಗಳಿಗೆ (ತರಬೇತಿಯಲ್ಲಿರುವ ಡಾಕ್ಟರ್‌ಗಳಿಗೆ) ಆನ್‌ಲೈನ್‌ನಲ್ಲಿ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಬಿಟ್ಟು ಮಾಡುವ ಸರ್ಜರಿ, ಹೇಳಿಕೊಟ್ಟಿದ್ದೇನೆ. ಉಳಿಯುತ್ತೆ, ಆದರೆ ಕಲಿಸುವ ಸರ್ಜನ್ ಕಲಿಯುವವರ ಆಸ್ಪತ್ರೆಯಲ್ಲೇ ಇದ್ದರೆ ಮಾತ್ರ.

2020ರ ಮಾರ್ಚ್‌ನಲ್ಲಿ ಮರ್ಸಿ ಶಿಪ್ಸ್ ಸಂಸ್ಥೆಯ ಆಸ್ಪತ್ರೆ ಹಡಗು ಸೆನೆಗಲ್‌ನ ಡಕಾರ್ ಬಿಟ್ಟು ಹೊರಡಬೇಕಾಯಿತು. ಹೊರಗಿನ ತಂಡ ಹೋಗಿ ವಾರವಿದ್ದು ಕಲಿಸಿ ಬರುವಂಥ ಕಾರ್ಯಕ್ರಮಗಳ ಕಥೆಯೂ ಅಷ್ಟೇ. ಪೂರ್ವ, ಮಧ್ಯ, ದಕ್ಷಿಣ ಆಫ್ರಿಕಾದ ಸರ್ಜನ್‌ಗಳ ಕಾಲೇಜು ಕೊಸೆಕ್ಸಾದ ರೀತಿಯೇ ಬೇರೆ. ಅಲ್ಲಿ ಕಲಿಯುವವರು ತಮ್ಮ ದೇಶದ ಆಸ್ಪತ್ರೆಯಲ್ಲೇ, ಅಲ್ಲಿನ ಸೀನಿಯರ್ ಕೈಕೆಳಗೆ ತಯಾರಾಗುತ್ತಾರೆ. ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಜೊತೆ ಸೇರಿ ಆನ್‌ಲೈನ್ ಪಾಠವನ್ನೂ ಕೋವಿಡ್‌ಗಿಂತ ಎಷ್ಟೋ ಮೊದಲೇ ಶುರುಮಾಡಿದ್ದರು.

ಥಿಯರಿ ದೊಡ್ಡ ಸಮಸ್ಯೆಯಲ್ಲ, ಜೂಮ್ ಸಾಕು. ಕೈ ಪಳಗಿಸೋದೇ ಕಷ್ಟ. ಅದಕ್ಕೆ ಬಾಕ್ಸ್ ಟ್ರೈನರ್ ಇದೆ: ಒಂದು ಡಬ್ಬ, ಒಳಗೊಂದು ಕ್ಯಾಮೆರಾ, ಉದ್ದನೆಯ ಎರಡು ಉಪಕರಣ. ಪೆಗ್ ಟ್ರಾನ್ಸ್‌ಫರ್ ಅಭ್ಯಾಸದಲ್ಲಿ 6 ಪುಟ್ಟ ತುಂಡುಗಳನ್ನು ಒಂದೊಂದಾಗಿ ಎತ್ತಿ, ಗಾಳಿಯಲ್ಲೇ ಕೈ ಬದಲಿಸಿ, ಆಚೆ ಕಡೆಯ ಗೂಟಕ್ಕೆ ಹಾಕಿ, ಮತ್ತೆ ವಾಪಸ್ ತರಬೇಕು. ಇದನ್ನು ಲೈವ್ ಆಗಿ ನೋಡುವ ಹಟ ಬೇಡ. ಒಬ್ಬರಿಗೆ ಹಗಲಾದರೆ ಇನ್ನೊಬ್ಬರಿಗೆ ರಾತ್ರಿ, ನೆಟ್ ಬೇರೆ ಕೈಕೊಡುತ್ತೆ. ಡ್ಯೂಟಿ ಮುಗಿಸಿ ರೆಕಾರ್ಡ್ ಮಾಡಿ ಕಳಿಸಲಿ. ಜೊತೆಗೆ ಇನ್ನೊಂದು ಫೋನ್ ಹೊರಗಿಟ್ಟು ಮೊಣಕೈ, ಭುಜವನ್ನೂ ಹಿಡಿಯಲು ಹೇಳಿ. ಎಡಗೈ ಉಪಕರಣ ಸುಮ್ಮನೆ ನಿಂತಿದ್ದರೆ ಒಳಗಿನ ಕ್ಯಾಮೆರಾದಲ್ಲೇ ಗೊತ್ತಾಗುತ್ತೆ; ಮೊಣಕೈ ರೆಕ್ಕೆಯಂತೆ ಎದ್ದಿರೋದು ಮಾತ್ರ ಹೊರಗಿನ ಫೋನಿಗೇ ಕಾಣೋದು.

ಅಂಗಾಂಶ ಎಷ್ಟು ಎಳೆದರೆ ಹರಿಯುತ್ತೆ, ಲ್ಯಾಪರೋಸ್ಕೋಪಿ ಬಿಟ್ಟು ಹೊಟ್ಟೆ ತೆರೆಯೋದು ಯಾವಾಗ ಅನ್ನೋದನ್ನು ಯಾವ ಸ್ಕ್ರೀನೂ ಕಲಿಸಲ್ಲ. (ವರ್ಚುವಲ್ ರಿಯಾಲಿಟಿ ಮಾರುವವರು ಒಪ್ಪಲಿಕ್ಕಿಲ್ಲ!) ಕೋವಿಡ್ ಕಾಲದಲ್ಲಿ ಮುಂದೂಡಬಹುದಾದ ಆಪರೇಷನ್‌ಗಳೆಲ್ಲ ಮುಂದಕ್ಕೆ ಹೋದವು, ಆದರೆ ಅಪೆಂಡಿಕ್ಸ್, ಸಿಸೇರಿಯನ್, ಅಪಘಾತದ ಗಾಯ ಕಾಯಲ್ಲ. ಅಂಥ ಕೇಸ್‌ನಲ್ಲಿ ಪಕ್ಕದಲ್ಲಿ ನಿಂತು, ಚಾಕುವನ್ನು ಜೂನಿಯರ್ ಕೈಗೆ ಕೊಡುವಷ್ಟು ಪುರುಸೊತ್ತು ಸ್ಥಳೀಯ ಸೀನಿಯರ್‌ಗೆ ಇರಬೇಕು. ಹಾಗಾಗಿ ವಿಮಾನ ನಿಂತಾಗ ಉಳಿಯುವ ಟಿಕೆಟ್ ದುಡ್ಡು ಮೊದಲು ಅವರ ಸಮಯಕ್ಕೆ, ಆಮೇಲೆ ಡೇಟಾ ಪ್ಯಾಕ್‌ಗೆ, ಡಬ್ಬಕ್ಕೆ ಹೋಗಲಿ. ಅನುದಾನ ಪ್ರಯಾಣಕ್ಕೆ ಮಾತ್ರ ಅಂತಿದ್ದರೆ ಆ ದುಡ್ಡು ಹಾಗೇ ಕೊಳೆಯುತ್ತೆ. ಖರ್ಚಿನ ಬಾಬ್ತು ಬದಲಿಸುವ ಅಧಿಕಾರ ಯಾರದು, ಬರುವವರು ಬರದಿದ್ದರೆ ಲಾಗ್‌ಬುಕ್‌ಗೆ (ಕಲಿಯುವವರು ಮಾಡಿದ ಆಪರೇಷನ್‌ಗಳ ದಾಖಲೆಗೆ) ಸಹಿ ಯಾರದು ಅನ್ನೋದನ್ನು ಒಪ್ಪಂದದಲ್ಲಿ ಈಗಲೇ ಬರೆಸಿಕೊಳ್ಳಿ.