ಸರಕಿಗೆ ಕೊರತೆಯೋ, ಬಂಡವಾಳಕ್ಕೋ?

ಮುಂಬಯಿ ಬಳಿಯ ಡೊಂಬಿವಲಿಯ ನಿಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಕುಚ್ಚಲಕ್ಕಿ, ಬ್ಯಾಡಗಿ ಮೆಣಸಿನಕಾಯಿ ಸಿಗುತ್ತಿಲ್ಲ, ಇದು ನಿಜವಾದ ಅಭಾವವೇ ಎಂದು ಕೇಳಿದ್ದೀರಿ. ನನಗೆ ಹಾಗೆನಿಸುವುದಿಲ್ಲ. ವ್ಯಾಪಾರ ಇಳಿದಾಗ ಗಿರಾಕಿಗಳ ಉದ್ರಿ ಬೆಳೆಯುತ್ತದೆ, ಸಗಟು ವ್ಯಾಪಾರಿ ಮಾತ್ರ ನಗದನ್ನೇ ಕೇಳುತ್ತಾನೆ. ಆಗ ಅಂಗಡಿಯವರು ದಿನವೂ ಖರ್ಚಾಗುವ ಸಕ್ಕರೆ, ಗೋಧಿ ಹಿಟ್ಟಿಗೆ ಹಣ ಹಾಕಿ, ನಾಲ್ಕೇ ಕನ್ನಡದ ಮನೆಯವರು ಕೊಳ್ಳುವ ನಮ್ಮ ಪದಾರ್ಥಗಳನ್ನು ಮೊದಲು ಕೈಬಿಡುತ್ತಾರೆ. ಕಪಾಟನ್ನು ಗಮನಿಸಿ: ಮುಂದಿನ ಸಾಲಿನಲ್ಲಿ ಪೊಟ್ಟಣಗಳು ಒತ್ತಾಗಿದ್ದು, ಹಿಂದೆ ಬರೀ ಹಲಗೆ ಕಂಡರೆ ಬಂಡವಾಳ ಸೊರಗಿರುವ ಸಾಧ್ಯತೆ ಹೆಚ್ಚು.

ಮುಂಬಯಿಯ ಮಾಟುಂಗಾದಲ್ಲಿ, ಇಲ್ಲವೇ ನವಿ ಮುಂಬಯಿಯ ವಾಶಿಯ ಸಗಟು ಅಂಗಡಿಗಳಲ್ಲಿ ವಿಚಾರಿಸಿ. ಅಲ್ಲಿ ಎಂದಿನ ದರಕ್ಕೆ ಸಿಕ್ಕರೆ ತೊಂದರೆ ನಿಮ್ಮ ಬೀದಿಯದು ಮಾತ್ರ. 2020ರ ಮೇ ತಿಂಗಳಲ್ಲಿ ಕೊರೊನಾದಿಂದ ವಾಶಿಯ ಎಪಿಎಂಸಿ ಮಾರುಕಟ್ಟೆಯೇ ಕೆಲವು ದಿನ ಮುಚ್ಚಿತ್ತು. ಅದು ಪೂರೈಕೆಯ ಮೂಲಕ್ಕೇ ಬಿದ್ದ ಪೆಟ್ಟು. ನಿಮ್ಮದು ಅಂಥದ್ದಲ್ಲ ಎನಿಸುತ್ತದೆ.

ದಯವಿಟ್ಟು ಮೂಟೆಗಟ್ಟಲೆ ಕೂಡಿಡಬೇಡಿ. ಮೆಣಸಿನಕಾಯಿ ಮುಂಬಯಿಯ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಅದರ ಬದಲು ನಾಲ್ಕೈದು ಕನ್ನಡದ ಮನೆಯವರು ಸೇರಿ ಅದೇ ಅಂಗಡಿಯವರಿಗೆ ಮುಂಗಡ ಕೊಡಿ, ಮುಂದಿನ ಖರೀದಿಯಲ್ಲಿ ತರಿಸಿಕೊಡುತ್ತಾರೆ.