ಔಷಧಿ ಹೊಡೆಸುವವರು ಯಾರು?

ಕೋಲಾರ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಔಷಧಿ ಕಡಿಮೆ ಮಾಡಿ ಎಂದು ಎಲ್ಲರೂ ರೈತನಿಗೇ ಬುದ್ಧಿ ಹೇಳುತ್ತಾರೆ. ನಾನು ಪಾಲಿಹೌಸಿನಲ್ಲಿ ದೊಣ್ಣೆ ಮೆಣಸಿನಕಾಯಿ ಬೆಳೆಯುತ್ತೇನೆ. ಕಾಯಿ ಮೇಲೆ ಒಂದು ಗೀರಿದ್ದರೂ ಖರೀದಿ ಕೇಂದ್ರದವರು ತೆಗೆದುಹಾಕುತ್ತಾರೆ. ಹೊಡೆಯದೆ ಏನು ಮಾಡಲಿ?”

ಮಾನ್ಯರೇ,

ನೀವು ಕೇಳಿದ್ದು ನ್ಯಾಯವಾಗಿದೆ. ಉದಾಹರಣೆಗೆ, ಕಿತ್ತಳೆಯ ಸಿಪ್ಪೆ ಮೇಲೆ ಥ್ರಿಪ್ಸ್ ಎಂಬ ಸಣ್ಣ ಕೀಟ ಬಿಡುವ ಬೂದು ಕಲೆಯಿಂದ ಒಳಗಿನ ತೊಳೆಗೆ ಏನೂ ಆಗುವುದಿಲ್ಲ. ಆದರೂ ಗ್ರೇಡ್ ಇಳಿಯುತ್ತದೆ, ದರ ಬೀಳುತ್ತದೆ. ಅಂಥ ಕಲೆ ತಪ್ಪಿಸಲೆಂದೇ ಹೊಡೆಯುವ ಔಷಧಿಯ ಹೊಣೆ ಗ್ರೇಡ್ ಮಾಡುವವರದ್ದೂ ಹೌದು.

ಕೊಳ್ಳುವವರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದು ನಿಮ್ಮದೇ ಬೆಳೆಯಲ್ಲಿ ಕಂಡಿದೆ. ಸ್ಪೇನಿನ ಅಲ್ಮೇರಿಯಾದಲ್ಲಿ ಸುಮಾರು 30,000 ಹೆಕ್ಟೇರ್ ಹಸಿರುಮನೆಗಳಿವೆ. ಅಲ್ಲಿಂದ ಜರ್ಮನಿಗೆ ಹೋದ ದೊಣ್ಣೆ ಮೆಣಸಿನಕಾಯಿಯಲ್ಲಿ 2006ರ ಕೊನೆಗೆ ಐಸೋಫೆನ್ಫಾಸ್-ಮೀಥೈಲ್ ಎಂಬ ಕೀಟನಾಶಕ ಸಿಕ್ಕಿತು. ಯುರೋಪಿನಲ್ಲಿ ಅದಕ್ಕೆ ಅನುಮತಿಯೇ ಇರಲಿಲ್ಲ. ಜರ್ಮನಿಯ ಅಂಗಡಿ ಸರಪಳಿಗಳು ಕಾನೂನಿಗಿಂತ ಬಿಗಿಯಾದ ಷರತ್ತು ಹಾಕಿದವು. ಲೀಡ್ಲ್ ಕಂಪನಿಯಂತೂ ಕಾಯಿಯಲ್ಲಿ ಉಳಿಯುವ ಔಷಧಿಯ ಪ್ರಮಾಣ ಕಾನೂನಿನ ಮಿತಿಯ ಮೂರನೇ ಒಂದು ಪಾಲನ್ನು ಮೀರಕೂಡದು ಎಂದಿತು. ಥ್ರಿಪ್ಸ್ ತಿನ್ನುವ, ತಿಗಣೆ ಜಾತಿಯ ಓರಿಯಸ್ ಕೀಟ, ನುಸಿ ಜಾತಿಯ ಸ್ವಿರ್‌ಸ್ಕಿ ಮೈಟ್‌ಗಳನ್ನು ಬೆಳೆಗೆ ಬಿಡುವ ವಿಧಾನ ಹೊಸದೇನಲ್ಲ, ಪಕ್ಕದ ಮುರ್ಸಿಯಾದ ರೈತರು ಮಿತ್ರಕೀಟಗಳನ್ನು ಮೊದಲೇ ಬಳಸುತ್ತಿದ್ದರು. ಅಂಗಡಿಗಳ ಷರತ್ತು ಬಿದ್ದ ಮೇಲೆ ಅಲ್ಮೇರಿಯಾದವರೂ ಎರಡು ಮೂರು ಹಂಗಾಮಿನೊಳಗೆ ದೊಣ್ಣೆ ಮೆಣಸಿನ ಬೆಳೆಯ ಬಹುಪಾಲನ್ನು ಈ ವಿಧಾನಕ್ಕೆ ತಿರುಗಿಸಿದರು. ಒಮ್ಮೆ ಮಿತ್ರಕೀಟ ಬಿಟ್ಟ ಮೇಲೆ ಕಂಡಕಂಡ ಔಷಧಿ ಹೊಡೆಯುವಂತಿಲ್ಲ, ಹೊಡೆದರೆ ಮೊದಲು ಸಾಯುವುದು ದುಡ್ಡು ಕೊಟ್ಟು ತಂದ ಆ ಕೀಟಗಳೇ. ಹೀಗಾಗಿ ಬದಲಾವಣೆ ಗಟ್ಟಿಯಾಗಿ ನಿಂತಿತು.

ಹಾಗೆಂದು ಅಂಗಡಿಗಳ ಎಲ್ಲ ಷರತ್ತೂ ಒಳ್ಳೆಯದೆಂದು ನಾನು ಹೇಳಲಾರೆ. ಒಂದು ಕಾಯಿಯಲ್ಲಿ ಇಂತಿಷ್ಟೇ ಬಗೆಯ ಔಷಧಿಯ ಅಂಶ ಇರಬಹುದು ಎಂದು ಕೆಲವರು ಎಣಿಕೆ ಹಾಕುತ್ತಾರೆ. ಆಗ ರೈತ ಔಷಧಿ ಬದಲಿಸದೆ ಒಂದನ್ನೇ ಮತ್ತೆ ಮತ್ತೆ ಹೊಡೆಯಬೇಕಾಗಬಹುದು, ಕೀಟ ಅದಕ್ಕೆ ಒಗ್ಗಿಕೊಳ್ಳುತ್ತದೆ. ಇನ್ನು, ಔಷಧಿಯ ಉಳಿಕೆ ಪರೀಕ್ಷೆ ನೋಡುವುದು ಕಾಯಿಯನ್ನು ಮಾತ್ರ. ಪಂಪು ಹೊತ್ತು ಹೊಡೆಯುವ ಕೂಲಿಯಾಳಿನ ಮೈಗೆ ಸೇರಿದ್ದು ಆ ವರದಿಯಲ್ಲಿ ಕಾಣುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಕಲೆಯೂ ಇರಬಾರದು, ಔಷಧಿಯೂ ಇರಬಾರದು ಎನ್ನುವ ವ್ಯಾಪಾರಿ ಮಿತ್ರಕೀಟದ ಖರ್ಚಿನಲ್ಲಿ ಪಾಲು ಕೊಡಬೇಕು, ಗೀರಿದ್ದ ಕಾಯಿಗೂ ಮರ್ಯಾದೆಯ ದರ ಕಟ್ಟಬೇಕು. ಒಬ್ಬೊಬ್ಬರೇ ಕೇಳಿದರೆ ನಡೆಯದು. ನಿಮ್ಮ ಸುತ್ತಿನ ಬೆಳೆಗಾರರು ಒಟ್ಟಾಗಿ ಕೇಳಿ. ಖರೀದಿ ಕೇಂದ್ರದ ಗ್ರೇಡಿಂಗ್ ನಿಯಮ ಬರಹದಲ್ಲಿದ್ದರೆ ಒಂದು ಪ್ರತಿ ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಚರ್ಚೆಗೆ ಇಡುತ್ತೇವೆ.

— ಸಂಪಾದಕ