ಪ್ರ: ಕಳುವಾದ ಬ್ಯಾಟ್‌ಮೊಬೈಲ್ (ಬ್ಯಾಟ್‌ಮ್ಯಾನ್‌ನ ಕಾರು) ಹುಡುಕೋ ಬ್ಯಾಟ್‌ಮ್ಯಾನ್ ಎಪಿಸೋಡ್ ಯಾವ್ದು?
ವಯಸ್ಸಾದ ಬ್ಯಾಟ್‌ಮ್ಯಾನ್-ರಾಬಿನ್ ಕಾರ್ ಹುಡುಕ್ಕೊಂಡು ಅಲೆಯೋ ಕಾಮಿಡಿ 1966ರ ಬ್ಯಾಟ್‌ಮ್ಯಾನ್ ಸೀರಿಯಲ್‌ನ ಎಲ್ಲಾ ಎಪಿಸೋಡ್ ಇರೋ ಸೆಟ್‌ನ 120 ಎಪಿಸೋಡಲ್ಲೂ ಸಿಗ್ತಿಲ್ಲ ಅಂದ್ರಲ್ಲ, ಅದು ಎಪಿಸೋಡೇ ಅಲ್ಲ, ಬಹುಶಃ 2003ರಲ್ಲಿ ಸಿಬಿಎಸ್ ಚಾನೆಲಲ್ಲಿ ಬಂದ ಟೀವಿ ಸಿನಿಮಾ 'ರಿಟರ್ನ್ ಟು ದ ಬ್ಯಾಟ್‌ಕೇವ್', ಅದಕ್ಕೇ ಸೆಟ್‌ನಲ್ಲಿಲ್ಲ. ಅದ್ರಲ್ಲಿ ಆ ಸೀರಿಯಲ್‌ನ ಬ್ಯಾಟ್‌ಮ್ಯಾನ್ ಆ್ಯಡಮ್ ವೆಸ್ಟ್, ರಾಬಿನ್ ಬರ್ಟ್ ವಾರ್ಡ್ ಪಾತ್ರ ಹಾಕದೆ ತಾವು ತಾವಾಗೇ ಬರ್ತಾರೆ.

ಮೊದ್ಲು ಆ ಹೆಸರಿನ ಜೊತೆ 2003 ಅಂತ ಸೇರ್ಸಿ ಹುಡುಕಿ. ಸಿಕ್ಕಿದ್ಮೇಲೆ ನಟರ ಪಟ್ಟಿ ನೋಡಿ, ಸೀರಿಯಲಲ್ಲಿ ವಿಲನ್‌ಗಳಾಗಿದ್ದ ಹಳೇ ರಿಡ್ಲರ್ ಫ್ರ್ಯಾಂಕ್ ಗಾರ್ಶಿನ್, ಕ್ಯಾಟ್‌ವುಮನ್ ಜೂಲಿ ನ್ಯೂಮಾರ್ ಇಬ್ರೂ ಇರ್ಬೇಕು. ಆಮೇಲೆ ಮಧ್ಯಮಧ್ಯ ಫ್ಲ್ಯಾಶ್‌ಬ್ಯಾಕಲ್ಲಿ ಬೇರೆ ಹುಡುಗರು ವೆಸ್ಟ್, ವಾರ್ಡ್ ಪಾತ್ರ ಮಾಡಿ ಆ ಕಾಲದ ಶೂಟಿಂಗ್ ಕಥೆ ತೋರಿಸ್ತಾರೆ, ಅದು ಪಕ್ಕಾ ಗುರುತು, ನಂಗೆ ಇಡೀ ಸಿನಿಮಾದಲ್ಲಿ ತುಂಬಾ ಇಷ್ಟವಾಗಿದ್ದೂ ಅದೇ.

ಹಾಗಲ್ಲ, ಸೂಪರ್‌ಹೀರೋಗಳು ಒಂದ್ಕಡೆ ಸೇರಿ ಒಬ್ರನ್ನೊಬ್ರು ಕಾಲೆಳೆಯೋದು ನೆನಪಿದ್ರೆ ಅದು 1979ರಲ್ಲಿ ಎನ್‌ಬಿಸಿ ಹಾಕಿದ್ದ 'ಲೆಜೆಂಡ್ಸ್ ಆಫ್ ದ ಸೂಪರ್‌ಹೀರೋಸ್', ಎರಡು ಭಾಗ ಇದೆ, ಅದ್ರಲ್ಲೂ ವೆಸ್ಟ್, ವಾರ್ಡ್ ಇದಾರೆ. ನೀವು ಹೇಳಿದ್ದು ಅದಾದ್ರೆ ನೇರ ಎರಡ್ನೇ ಭಾಗ ಹಾಕಿ, ಕಾಲೆಳೆಯೋದು ಇರೋದು ಅದ್ರಲ್ಲೇ.